ಆಂಗ್ಲ ದೇಶದ ಪ್ರಾಚೀನ ಅಚ್ಚುಚಿತ್ರಗಳೂ ಅವುಗಳ ಸಂಗ್ರಹಕಾರರೂ

ಕೆಲವು ವರ್ಷಗಳ ಹಿಂದೆ ಮಾಗಡಿಯ ಸೀಮೆಯ ಭಕ್ತರೊಬ್ಬರು ಗಾಜಿನ ಚೌಕಟ್ಟಿನ ಒಂದು ಪಟವನ್ನು ಶ್ರೀಮಠದ ಗ್ರಂಥಭಂಡಾರಕ್ಕೆ ತಂದರು. ಬೆಂಗಳೂರಿನ ಹಳೆಯ ಸಾಮಾನುಗಳ ಅಂಗಡಿಯೊಂದರಲ್ಲಿ ಸಾಕಷ್ಟು ಹಣವನ್ನು ತೆತ್ತು ಅದನ್ನು ಕೊಂಡಿದ್ದರು. ಸಾವನದುರ್ಗದ ಮಹತ್ತಾದ ಬಂಡೆ, ಅದರ ಬುಡದಲ್ಲಿ ದಟ್ಟವಾದ ಕಾಡು, ಕಾಡಿನ ಅಂಚಿನಲ್ಲಿ ಇರುವೆಯ ಸಾಲಿನಂತೆ ತೋರುವ ಸಿಪಾಯಿಗಳು, ಇವಿಷ್ಟೂ ಕಪ್ಪು ಗೆರೆಗಳಲ್ಲಿ ಚಿತ್ರಿತವಾಗಿದ್ದುವು. "ಪಂಡಿತರೇ, ಇದು ನಿಜವಾಗಿ ಹಳೆಯದೋ, ಅಥವಾ ನಾನು ಮೋಸಹೋದೆನೋ? ಹಳೆಯದೇ ಆದರೆ, ನಮ್ಮ ಬೆಟ್ಟವು ಆ ಕಾಲದಲ್ಲಿ ಹೀಗೆಯೇ ಇತ್ತೇ?" ಎಂದು ಅವರು ಕೇಳಿದರು. ತಾಡವಾಲೆಯ ಕಟ್ಟುಗಳ ನಡುವೆ ಆಯುಷ್ಯವನ್ನು ಕಳೆದ ಈ ಲೇಖಕನಿಗೆ ಆ ದಿನ ಎರಡು ಪ್ರಶ್ನೆಗಳಿಗೂ ಉತ್ತರವು ತಿಳಿಯದೆ ಹೋಯಿತು. ತಿಳಿದುಕೊಳ್ಳಲು ಹೊರಟಾಗ ಆಂಗ್ಲರ ದೇಶದ ಒಂದು ವಿಚಿತ್ರವಾದ ವ್ಯಸನದ ಚರಿತ್ರೆಯೇ ಎದುರಿಗೆ ಬಿಚ್ಚಿಕೊಂಡಿತು. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಈ ಚಿತ್ರಗಳು ಹೇಗೆ ಹುಟ್ಟುತ್ತವೆಂಬುದನ್ನು ಹೇಳಬೇಕು. ಓಲೆಯ ಮೇಲೆ ಬರೆಯುವ ಕ್ರಮವನ್ನು ಬಲ್ಲವರಿಗೆ ಈ ವಿದ್ಯೆಯ ಮೂಲತತ್ತ್ವವು ಹೊಸತಲ್ಲ. ನಮ್ಮ ಲಿಪಿಕಾರನು ಕಬ್ಬಿಣದ ಕಂಟದಿಂದ ಗರಿಯನ್ನು ಕೊರೆದು, ಅದರ ಮೇಲೆ ಕಾಡಿಗೆಯ ಮಸಿಯನ್ನು ತೊಡೆದು, ಬಟ್ಟೆಯಿಂದ ಒರೆಸುತ್ತಾನೆ. ಮೇಲ್ಮೈಯ ಮಸಿಯು ಹೋಗಿ, ಕೊರೆದ ಗೆರೆಯೊಳಗಿನ ಮಸಿಯು ಮಾತ್ರ ನಿಲ್ಲುತ್ತದೆ. ಯೂರೋಪಿನ ಕೆತ್ತನೆಗಾರನೂ ತಾಮ್ರದ ತಗಡಿನ ಮೇಲೆ ಇದನ್ನೇ ಮಾಡುತ್ತಾನೆ. ಆದರೆ ಅವನು ಅಲ್ಲಿಗೆ ನಿಲ್ಲದೆ, ಒದ್ದೆಮಾಡಿದ ಕಾಗದವನ್ನು ತಗಡಿನ ಮೇಲಿಟ್ಟು ಎರಡು ಉರುಳೆಗಳ ನಡುವೆ ಬಿಗಿಯಾಗಿ ಒತ್ತುತ್ತಾನೆ; ಆಗ ಗೆರೆಯೊಳಗಿನ ಮಸಿಯು ಕಾಗದಕ್ಕೆ ಏರಿ ಬರುತ್ತದೆ. ಓಲೆಯು ಒಂದೇ ಪ್ರತಿ. ತಗಡು ನೂರಾರು ಪ್ರತಿಗಳ ತಾಯಿ. ಎಡವು ಬಲವಾಗಿಯೂ ಬಲವು ಎಡವಾಗಿಯೂ ಅಚ್ಚಾಗುವುದರಿಂದ ಚಿತ್ರವನ್ನು ತಿರುವುಮುರುವಾಗಿ ಕೆತ್ತಬೇಕಾಗುತ್ತದೆ. ತಗಡಿನ ಅಂಚು ಒತ್ತಿದ ಗುರುತು ಕಾಗದದ ನಾಲ್ಕು ಕಡೆಯೂ ತಗ್ಗಾಗಿ ಉಳಿಯುತ್ತದೆ. ಈ ಗುರುತು ಮುಂದೆ ನಮಗೆ ಬೇಕಾಗುತ್ತದೆ.

ಉಳಿಯಿಂದ ನೇರವಾಗಿ ಕೆತ್ತುವುದು ಒಂದು ಬಗೆ. ತಗಡಿಗೆ ಮೇಣವನ್ನು ಬಳಿದು, ಸೂಜಿಯಿಂದ ಮೇಣದ ಮೇಲೆ ಗೆರೆ ಎಳೆದು, ಆಮ್ಲದಲ್ಲಿ ಮುಳುಗಿಸಿ ಗೆರೆಯನ್ನು ತಿನ್ನಿಸುವುದು ಎಚ್ಚಿಂಗ್ ಎಂಬ ಇನ್ನೊಂದು ಬಗೆ. ಮೆಜೊಟಿಂಟ್ ಎಂಬುದರಲ್ಲಿ ಹಲ್ಲುಗಳುಳ್ಳ ಉಪಕರಣದಿಂದ ತಗಡನ್ನೆಲ್ಲ ಒರಟುಮಾಡಿ, ಬೆಳಕು ಬೇಕಾದ ಎಡೆಗಳನ್ನು ಮಾತ್ರ ಕೆರೆದು ನುಣುಪುಮಾಡುತ್ತಾರೆ. ಕತ್ತಲೆಯಿಂದ ಬೆಳಕನ್ನು ಹೊರತೆಗೆಯುವ ಈ ವಿದ್ಯೆಯನ್ನು ಜಾನ್ ಈವ್ಲಿನ್ ಎಂಬ ವಿದ್ವಾಂಸನು ೧೬೬೨ರಲ್ಲಿ ಪ್ರಕಟಿಸಿದ ತನ್ನ 'ಸ್ಕಲ್ಪ್ಟುರಾ' ಎಂಬ ಗ್ರಂಥದಲ್ಲಿ ಆಂಗ್ಲ ವಾಚಕರಿಗೆ ಮೊದಲು ತಿಳಿಸಿದನು. ರಾಳದ ಪುಡಿಯನ್ನು ಉದುರಿಸಿ, ಆಮ್ಲದಿಂದ ನೀರುಬಣ್ಣದ ಛಾಯೆಯನ್ನು ತರಿಸುವ ಅಕ್ವಾಟಿಂಟ್ ಪದ್ಧತಿಯು ೧೭೭೫ರಲ್ಲಿ ಪಾಲ್ ಸ್ಯಾಂಡ್‌ಬಿಯ ವೇಲ್ಸ್ ದೇಶದ ನೋಟಗಳಿಂದ ಅಲ್ಲಿ ಪ್ರಸಿದ್ಧವಾಯಿತು. ನ್ಯೂಕಾಸಲ್ ನಗರದ ಥಾಮಸ್ ಬ್ಯೂಯಿಕ್ ಎಂಬವನು ಮಾತ್ರ ಇವೆಲ್ಲವನ್ನೂ ಬಿಟ್ಟು, ಗಟ್ಟಿಯಾದ ಬಾಕ್ಸ್ ಮರದ ಅಡ್ಡಕೊಯ್ತದ ಮೈಮೇಲೆ ಪ್ರಾಣಿಪಕ್ಷಿಗಳನ್ನು ಕೆತ್ತಿ ಜಗತ್ತನ್ನು ಬೆರಗುಗೊಳಿಸಿದನು. ಇವನ ಪದ್ಧತಿಯಲ್ಲಿ ಮಸಿಯು ತಗ್ಗಿಗಲ್ಲ, ನಮ್ಮ ಮುದ್ರೆಯುಂಗುರದಂತೆ ಉಬ್ಬಿಗೆ ಹತ್ತುತ್ತದೆ. ಆದುದರಿಂದ ಅಕ್ಷರದ ಮೊಳೆಗಳ ಜೊತೆಯಲ್ಲಿಯೇ ಇವನ್ನು ಅಚ್ಚುಹಾಕಬಹುದು.

ತಾಮ್ರವು ಮೆತ್ತಗಿನ ಲೋಹ. ಪ್ರತಿಯೊಂದು ಒತ್ತಿಗೂ ಗೆರೆಯು ಕೊಂಚ ಸವೆಯುತ್ತದೆ. ಉಳಿಗೆತ್ತನೆಯ ತಗಡು ನೂರಾರು ಒಳ್ಳೆಯ ಪ್ರತಿಗಳನ್ನು ಕೊಟ್ಟರೆ, ಮೆಜೊಟಿಂಟ್ ತಗಡು ನೂರರ ಆಸುಪಾಸಿನಲ್ಲಿಯೇ ಮಂಕಾಗುತ್ತದೆ. ಮೊದಲ ಪ್ರತಿಗಳಿಗೂ ಕಡೆಯ ಪ್ರತಿಗಳಿಗೂ ಇರುವ ಈ ಅಂತರವೇ ಸಂಗ್ರಹಕಾರರ ಜಗಳಗಳಿಗೆಲ್ಲ ಬೀಜ. ೧೮೨೦ರ ನಂತರ ಉಕ್ಕಿನ ತಗಡುಗಳು ಬಂದು ಸಾವಿರಗಟ್ಟಲೆ ಪ್ರತಿಗಳನ್ನು ತೆಗೆಯುವುದು ಸಾಧ್ಯವಾಯಿತು. ಚಿತ್ರಗಳು ಅಗ್ಗವಾದುವು, ಮನೆಮನೆಗೂ ಹೋದುವು, ಹಾಗೆಯೇ ಸ್ವಲ್ಪ ನಿರ್ಜೀವವೂ ಆದುವೆಂದು ಈ ಲೇಖಕನ ಮತ.

ಇಂಗ್ಲೆಂಡಿನ ಈ ಕಲೆಗೆ ದೊಡ್ಡ ಅಡಿಪಾಯವನ್ನು ಹಾಕಿದವನು ಆಂಗ್ಲನಲ್ಲ. ವೆನ್ಸೆಸ್ಲಾಸ್ ಹಾಲರ್ ಎಂಬವನು ೧೬೦೭ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದವನು. ಚಿತ್ರಗಳ ಮಹಾಸಂಗ್ರಾಹಕನಾದ ಅರುಂಡೆಲ್ ಪ್ರಭುವು ೧೬೩೬ರಲ್ಲಿ ರಾಯಭಾರಕ್ಕೆ ಹೋದಾಗ ಕೊಲೋನ್ ಪಟ್ಟಣದಲ್ಲಿ ಇವನನ್ನು ಕಂಡು ತನ್ನ ಪರಿವಾರಕ್ಕೆ ಸೇರಿಸಿಕೊಂಡು ಲಂಡನ್ನಿಗೆ ಕರೆತಂದನು. ಹಾಲರನು ತನ್ನ ಜೀವಮಾನದಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ತಗಡುಗಳನ್ನು ಮಾಡಿದನು. ಸ್ತ್ರೀಯರ ಉಡುಪು, ಚಿಪ್ಪು, ಹಡಗು, ಕೀಟ, ಚರ್ಚು, ಯಾವುದನ್ನೂ ಬಿಡಲಿಲ್ಲ. ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದನೆಂದೂ, ಮಾತನಾಡಿಸಲು ಯಾರಾದರೂ ಬಂದರೆ ಮರಳುಗಡಿಯಾರವನ್ನು ಅಡ್ಡ ಮಲಗಿಸುತ್ತಿದ್ದನೆಂದೂ ಅವನ ವಿಷಯದಲ್ಲಿ ಕಥೆಯುಂಟು. ೧೬೫೮ರಲ್ಲಿ ಡಗ್‌ಡೇಲನು ಬರೆದ ಸೇಂಟ್ ಪಾಲ್ ಮಹಾದೇವಾಲಯದ ಚರಿತ್ರೆಗೆ ಇವನು ಚಿತ್ರಗಳನ್ನು ಕೊರೆದುಕೊಟ್ಟನು. ಎಂಟೇ ವರ್ಷಗಳ ನಂತರ, ೧೬೬೬ರ ಮಹಾಗ್ನಿಯಲ್ಲಿ ಆ ದೇವಾಲಯವೂ ನಗರದ ಬಹುಭಾಗವೂ ಭಸ್ಮವಾದುವು. ಇಂದು ಆ ಹಳೆಯ ದೇವಾಲಯದ ಒಳಗು ಹೇಗಿತ್ತೆಂಬುದನ್ನು ತಿಳಿಯಬೇಕಾದರೆ ಹಾಲರನ ಹಾಳೆಗಳೇ ಗತಿ. ಇಷ್ಟು ಮಾಡಿದ ಆ ಕುಶಲಿಯು ೧೬೭೭ರಲ್ಲಿ ಕಡುಬಡತನದಲ್ಲಿ ಕಣ್ಣುಮುಚ್ಚಿದನು.

ಅಚ್ಚುಚಿತ್ರಗಳನ್ನು ಕೂಡಿಸಿಡುವ ಅಭ್ಯಾಸವು ಅದೇ ಕಾಲದಲ್ಲಿ ಲಂಡನ್ನಿನ ವಿದ್ಯಾವಂತರಲ್ಲಿ ಮೂಡಿತು. ದಿನಚರಿಯಿಂದ ಪ್ರಖ್ಯಾತನಾದ ಸ್ಯಾಮ್ಯುಯೆಲ್ ಪೀಪ್ಸನು ರಾಜರ, ವಿದ್ವಾಂಸರ ಮುಖಚಿತ್ರಗಳನ್ನೂ ಲಂಡನ್ನಿನ ನೋಟಗಳನ್ನೂ ದೊಡ್ಡ ಪುಸ್ತಕಗಳಲ್ಲಿ ಅಂಟಿಸಿ ಜೋಡಿಸಿದನು. ಅವನ ಗ್ರಂಥಾಲಯವು ೧೭೨೪ರಲ್ಲಿ ಕೇಂಬ್ರಿಜಿನ ಮಾಡ್ಲಿನ್ ಕಾಲೇಜನ್ನು ಸೇರಿತು. ಏನನ್ನೂ ಸೇರಿಸಬಾರದು, ಏನನ್ನೂ ತೆಗೆಯಬಾರದೆಂಬ ಅವನ ಉಯಿಲಿನಂತೆ ಇಂದಿಗೂ ಅದು ಅವನಿಟ್ಟ ಕ್ರಮದಲ್ಲಿಯೇ ನಿಂತಿದೆ. ಗ್ರಂಥಭಂಡಾರವನ್ನು ಕಾಯುವವನಿಗೆ ಇದಕ್ಕಿಂತ ಕಿವಿಗೆ ಇಂಪಾದ ಮಾತು ಇನ್ನೊಂದಿಲ್ಲ.

ಆದರೆ ಆ ಕಲೆಯನ್ನು ಆಂಗ್ಲರ ಸ್ವಂತ ಕಲೆಯನ್ನಾಗಿ ಮಾಡಿದವನು ವಿಲಿಯಮ್ ಹೋಗಾರ್ತ್. ಬೆಳ್ಳಿಯ ಪಾತ್ರೆಗಳ ಮೇಲೆ ಲಾಂಛನಗಳನ್ನು ಕೆತ್ತುವ ಕೆಲಸದಲ್ಲಿ ಶಿಷ್ಯವೃತ್ತಿಯನ್ನು ಮಾಡಿ ಮೇಲೆ ಬಂದವನಿವನು. ಹಳ್ಳಿಯಿಂದ ಲಂಡನ್ನಿಗೆ ಬಂದ ಮುಗ್ಧ ಹುಡುಗಿಯೊಬ್ಬಳು ದುಷ್ಟರ ಬಲೆಗೆ ಬಿದ್ದು ನಾಶವಾಗುವ ಕಥೆಯನ್ನು ಆರು ಚಿತ್ರಗಳಲ್ಲಿ ಬರೆದು, ೧೭೩೨ರಲ್ಲಿ ಒಂದು ಗಿನಿಯ ಬೆಲೆಗೆ ಚಂದಾದಾರರಿಗೆ ಹಂಚಿದನು. ಸಾವಿರದ ಇನ್ನೂರಕ್ಕೂ ಹೆಚ್ಚು ಮಂದಿ ಕೊಂಡರು. ಕೂಡಲೇ ಅಂಗಡಿಕಾರರು ಕಳ್ಳಪ್ರತಿಗಳನ್ನು ಕೆತ್ತಿಸಿ ಅಗ್ಗವಾಗಿ ಮಾರಲು ತೊಡಗಿದರು. ಅವನಿಗೆ ಬರತಕ್ಕ ಹಣವು ಅವರ ಕೈಸೇರಿತು. ಹೋಗಾರ್ತನು ಸುಮ್ಮನೆ ಕೂಡಲಿಲ್ಲ. ಸಂಗಡಿಗರಾದ ಕೆತ್ತನೆಗಾರರನ್ನು ಕೂಡಿಕೊಂಡು ಪಾರ್ಲಿಮೆಂಟಿಗೆ ಅರಿಕೆಮಾಡಿ, ೧೭೩೫ರಲ್ಲಿ ಒಂದು ಶಾಸನವನ್ನು ತರಿಸಿದನು. ಚಿತ್ರವನ್ನು ಕಲ್ಪಿಸಿ ಕೆತ್ತಿದವನಿಗೆ ಹದಿನಾಲ್ಕು ವರ್ಷಗಳವರೆಗೆ ಅದರ ಮೇಲೆ ಸ್ವಾಮ್ಯ. ಪ್ರಕಟವಾದ ದಿನವನ್ನೂ ಒಡೆಯನ ಹೆಸರನ್ನೂ ತಗಡಿನ ಮೇಲೆಯೇ ಕೆತ್ತಿರಬೇಕು. 'ರೇಕ್' ಎಂಬ ದುಂದುಗಾರನ ಕಥೆಯ ಎಂಟು ಚಿತ್ರಗಳನ್ನು ಸಿದ್ಧಮಾಡಿಕೊಂಡಿದ್ದ ಅವನು, ಈ ಶಾಸನವು ಜಾರಿಗೆ ಬರುವವರೆಗೆ, ಅಂದರೆ ಆ ವರ್ಷದ ಜೂನ್ ೨೫ರವರೆಗೆ, ಅವನ್ನು ಹೊರಗೆ ಬಿಡಲಿಲ್ಲ. ಆದರೂ ಕಳ್ಳರು ಬುದ್ಧಿವಂತರು: ನೋಡುವ ನೆಪದಿಂದ ಅವನ ಮನೆಗೆ ಜನರನ್ನು ಕಳುಹಿಸಿ, ಅವರ ನೆನಪಿನ ಬಲದಿಂದಲೇ ನಕಲುಗಳನ್ನು ಮಾಡಿಸಿ, ಅವನಿಗಿಂತ ಮುಂಚೆ ಮಾರಿದರು! ಆ ನಕಲುಗಳಲ್ಲಿ ಪಾತ್ರಗಳು ತಪ್ಪಿದ ಜಾಗಗಳಲ್ಲಿ ನಿಂತಿರುವುದು ಸಹಜವೇ.

ಹುಡುಗಿಯ ಕಥೆಗೆ ಮೂಲವಾದ ಆರು ವರ್ಣಚಿತ್ರಗಳು ೧೭೫೫ರಲ್ಲಿ ಫಾಂಟ್‌ಹಿಲ್ ಎಂಬಲ್ಲಿ ಶ್ರೀಮಂತನೊಬ್ಬನ ಮನೆಗೆ ಬೆಂಕಿ ಬಿದ್ದಾಗ ಸುಟ್ಟುಹೋದುವು. ಅಚ್ಚಿನ ಹಾಳೆಗಳು ಮಾತ್ರ ಉಳಿದುವು. ೧೭೬೪ರಲ್ಲಿ ಹೋಗಾರ್ತನು ತೀರಿಕೊಂಡ ಮೇಲೆ ಅವನ ವಿಧವೆಯಾದ ಜೇನ್ ಹೋಗಾರ್ತಳಿಗೆ ಆ ತಗಡುಗಳೇ ಜೀವನಾಧಾರ. ೧೭೬೭ರ ಹೊಸ ಶಾಸನವು ಅವಳ ಹೆಸರನ್ನೇ ಹಿಡಿದು, ಇಪ್ಪತ್ತು ವರ್ಷಗಳ ಸ್ವಾಮ್ಯವನ್ನು ಅವಳಿಗೆ ಕೊಟ್ಟಿತು. ಅನಂತರ ತಗಡುಗಳು ಕೈಯಿಂದ ಕೈಗೆ ಹೋದುವು. ೧೮೨೨ರಲ್ಲಿ ಜೇಮ್ಸ್ ಹೀತ್ ಎಂಬವನು ಸವೆದ ಗೆರೆಗಳನ್ನು ಮರಳಿ ಕೆತ್ತಿ ದೊಡ್ಡ ಸಂಪುಟವಾಗಿ ಅಚ್ಚುಹಾಕಿಸಿದನು. ಹೀಗೆ ೧೭೩೫ ಎಂಬ ಇಸವಿಯನ್ನು ಹೊತ್ತಿದ್ದೂ ೧೮೨೨ರಲ್ಲಿ ಹುಟ್ಟಿದ ಹಾಳೆಗಳು ಲೋಕದಲ್ಲಿ ಹೇರಳವಾಗಿವೆ. ತಗಡಿನ ಮೇಲಿನ ತಿಥಿಯು ತಗಡಿನ ಹುಟ್ಟಿನ ದಿನವೇ ಹೊರತು ಹಾಳೆಯ ಹುಟ್ಟಿನ ದಿನವಲ್ಲ. ಹಳೆಯ ಪ್ರತಿಯ ಪುಷ್ಪಿಕೆಯನ್ನು ಅಕ್ಷರಶಃ ನಕಲುಮಾಡಿದ ಹೊಸ ಓಲೆಯನ್ನು ಕಂಡು ಮೋಸಹೋದ ವಿದ್ವಾಂಸರು ನಮ್ಮಲ್ಲಿಯೂ ಉಂಟು.

ವ್ಯಾಪಾರದ ಕಡೆಯಲ್ಲಿ ಜಾನ್ ಬಾಯ್ಡೆಲ್ ಎಂಬವನ ಏಳುಬೀಳುಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಅದುವರೆಗೆ ಆಂಗ್ಲರು ಫ್ರಾನ್ಸಿನಿಂದ ಚಿತ್ರಗಳನ್ನು ತರಿಸುತ್ತಿದ್ದರು; ಇವನು ಆ ಪ್ರವಾಹವನ್ನು ಹಿಮ್ಮುಖವಾಗಿ ಹರಿಯಿಸಿದನು. ಬೆಂಜಮಿನ್ ವೆಸ್ಟನ 'ಸೇನಾನಿ ವೂಲ್ಫನ ಮರಣ' ಎಂಬ ಚಿತ್ರವನ್ನು ವಿಲಿಯಮ್ ವೂಲೆಟ್ ೧೭೭೬ರಲ್ಲಿ ಕೆತ್ತಿದಾಗ, ಬಾಯ್ಡೆಲನಿಗೆ ಅದೊಂದರಿಂದಲೇ ಹದಿನೈದು ಸಾವಿರ ಪೌಂಡುಗಳು ಬಂದುವೆಂದು ಹೇಳುತ್ತಾರೆ. ೧೭೯೦ರಲ್ಲಿ ಅವನು ಲಂಡನ್ನಿನ ಮೇಯರನೂ ಆದನು. ಷೇಕ್ಸ್‌ಪಿಯರನ ನಾಟಕಗಳ ಚಿತ್ರಗಳಿಗಾಗಿಯೇ ೧೭೮೯ರಲ್ಲಿ ಅವನು ತೆರೆದ ಚಿತ್ರಶಾಲೆಯು, ಫ್ರಾನ್ಸಿನ ಯುದ್ಧಗಳಿಂದ ಹೊರದೇಶದ ಪೇಟೆ ಮುಚ್ಚಿಹೋದಾಗ ಅವನನ್ನು ಸಾಲಕ್ಕೆ ನೂಕಿತು. ಪಾರ್ಲಿಮೆಂಟಿನ ಅಪ್ಪಣೆಯಿಂದ ಲಾಟರಿಯನ್ನು ನಡೆಸಿ ಇಪ್ಪತ್ತೆರಡು ಸಾವಿರ ಚೀಟಿಗಳನ್ನು ಮಾರಿ ಸಾಲವನ್ನು ತೀರಿಸಿದರು. ಆದರೆ ೧೮೦೫ರ ಜನವರಿಯಲ್ಲಿ ಚೀಟಿ ಎತ್ತುವುದಕ್ಕೆ ಮೊದಲೇ, ೧೮೦೪ರ ಡಿಸೆಂಬರಿನಲ್ಲಿ ಬಾಯ್ಡೆಲನು ತೀರಿಹೋಗಿದ್ದನು.

ಇನ್ನು ಕತ್ತರಿಯ ಕಥೆ. ಆಕ್ಸ್‌ಫರ್ಡ್ ಪ್ರಾಂತದ ಶಿಪ್‌ಲೇಕ್ ಎಂಬ ಹಳ್ಳಿಯ ಪಾದ್ರಿಯಾದ ಜೇಮ್ಸ್ ಗ್ರಾಂಜರನು ಸಾಧುವಾದ ಮನುಷ್ಯ. ಸುಮಾರು ಹದಿನಾಲ್ಕು ಸಾವಿರ ಮುಖಚಿತ್ರಗಳನ್ನು ಅವನು ಕೂಡಿಸಿದ್ದನು. ಅವುಗಳ ಆಧಾರದಿಂದ ೧೭೬೯ರಲ್ಲಿ ಇಂಗ್ಲೆಂಡಿನ ಜೀವನಚರಿತ್ರೆಗಳ ಒಂದು ಗ್ರಂಥವನ್ನು ಹೊರಡಿಸಿದನು. ರಾಜರಿಂದ ಮೊದಲುಮಾಡಿ ಹನ್ನೆರಡು ವರ್ಗಗಳಾಗಿ ಜನರನ್ನು ವಿಂಗಡಿಸಿ, ಯಾರ ಯಾರ ಅಚ್ಚುಚಿತ್ರಗಳು ದೊರೆಯುತ್ತವೆಂದು ಬರೆದನು. ಹನ್ನೆರಡನೆಯ ವರ್ಗವು ಬಲು ಸೊಗಸು: ಜೀವನದಲ್ಲಿ ಒಂದೇ ಒಂದು ಸಂಗತಿಯಿಂದ ಹೆಸರಾದ ಕೆಳಗಿನ ದರ್ಜೆಯವರೆಲ್ಲ ಅದರಲ್ಲಿದ್ದಾರೆ. ಪುಸ್ತಕವೇನೋ ನಿರಪರಾಧಿಯಾದುದು, ಫಲವು ಮಾತ್ರ ಘೋರವಾಯಿತು. ಶ್ರೀಮಂತರು ಆ ಗ್ರಂಥದ ಹಾಳೆಗಳನ್ನು ಬಿಚ್ಚಿ, ಅದರಲ್ಲಿ ಹೇಳಿದ ಪ್ರತಿಯೊಂದು ಚಿತ್ರವನ್ನೂ ಹುಡುಕಿ ಸೇರಿಸಿ, ಹೊಸದಾಗಿ ಕಟ್ಟಿಸಲು ಹೊರಟರು. ರಿಚರ್ಡ್ ಬುಲ್ ಎಂಬವನ ಕೈಯಲ್ಲಿ ಗ್ರಾಂಜರನ ಪುಸ್ತಕವು ಮೂವತ್ತಕ್ಕೂ ಮಿಕ್ಕ ದೊಡ್ಡ ಸಂಪುಟಗಳಾಗಿ ಉಬ್ಬಿತು. ಚಿತ್ರಗಳೆಲ್ಲಿಂದ ಬರಬೇಕು? ಹಳೆಯ ಪುಸ್ತಕಗಳ ಮೊದಲ ಪುಟಗಳಿಂದ. ಗ್ರಂಥಕರ್ತನ ಮುಖವಿದ್ದ ಪುಟವನ್ನು ಹರಿದುಕೊಂಡು ಗ್ರಂಥವನ್ನು ಬಿಸಾಡಿದರು. ಶಿಲಿಂಗುಗಳಿಗೆ ಸಿಕ್ಕುತ್ತಿದ್ದ ಹಳೆಯ ಪುಸ್ತಕಗಳು ಚಿತ್ರವೊಂದಿದ್ದರೆ ಗಿನಿಗಳಿಗೆ ಏರಿದುವು. ಇಂಗ್ಲಿಷ್ ಭಾಷೆಯಲ್ಲಿ 'ಗ್ರಾಂಜರೈಸ್' ಎಂಬ ಕ್ರಿಯಾಪದವೇ ಹುಟ್ಟಿ, ಆ ಪಾದ್ರಿಯ ಹೆಸರು ಅವನು ಮಾಡದ ತಪ್ಪಿಗೆ ಶಾಶ್ವತವಾಗಿ ಅಂಟಿಕೊಂಡಿತು. ಬಾಲ್ಯದಲ್ಲಿ ಪಾಠಶಾಲೆಯ ಹಳೆಯ ಪಂಚಾಂಗಗಳಿಂದ ಚಿತ್ರಗಳನ್ನು ಕತ್ತರಿಸಿ ಕೊಠಡಿಯ ಗೋಡೆಗೆ ಮೆತ್ತಿ, ಗುರುಗಳಿಂದ ಕಿವಿ ಹಿಂಡಿಸಿಕೊಂಡ ಈ ಲೇಖಕನು ಆ ಶ್ರೀಮಂತರನ್ನು ಅತಿಯಾಗಿ ನಿಂದಿಸಲಾರನು.

ಅವರೆಲ್ಲರೂ ಒಂದೇ ಬಗೆಯವರೂ ಅಲ್ಲ. ಅಲೆಗ್ಸಾಂಡರ್ ಸದರ್‌ಲೆಂಡ್ ಎಂಬವನು ೧೭೯೫ರಲ್ಲಿ ಕ್ಲಾರೆಂಡನ್ ಮತ್ತು ಬರ್ನೆಟ್ ಎಂಬವರ ಚರಿತ್ರೆಗಳಿಗೆ ಚಿತ್ರಗಳನ್ನು ಕೂಡಿಸಲು ತೊಡಗಿ ೧೮೨೦ರಲ್ಲಿ ತೀರಿಕೊಂಡನು. ಅವನ ಪತ್ನಿ ಷಾರ್ಲಟ್ ಆ ಕೆಲಸವನ್ನು ಕೈಬಿಡಲಿಲ್ಲ. ಗಂಡನು ಬಿಟ್ಟುಹೋದ ಸಂಗ್ರಹವನ್ನು ತನ್ನ ಹಣದಿಂದ ಬೆಳೆಯಿಸಿ, ಅರುವತ್ತೊಂದು ಮಹಾಸಂಪುಟಗಳಾಗಿ ಕಟ್ಟಿಸಿ, ೧೮೩೭ರಲ್ಲಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯಕ್ಕೆ ಕಾಣಿಕೆಯಾಗಿ ಒಪ್ಪಿಸಿದಳು. ಈಗ ಅದು ಅಲ್ಲಿಯೇ ಆಷ್‌ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಒಂದು ಶತಮಾನದ ಇಂಗ್ಲೆಂಡಿನ ಮುಖಗಳನ್ನೂ ಊರುಗಳನ್ನೂ ಒಟ್ಟಿಗೆ ನೋಡಬೇಕೆಂಬವರಿಗೆ ಅದು ದೊಡ್ಡ ನಿಧಿ. ಆ ನಿಧಿಗಾಗಿ ಎಷ್ಟು ಪುಸ್ತಕಗಳು ಬರಿದಾದುವೋ!

ಕಳ್ಳತನದ ಒಂದು ಪ್ರಸಂಗವನ್ನೂ ಹೇಳದೆ ಮುಂದುವರಿಯಲಾಗದು. ಕ್ಲೇಟನ್ ಮಾರ್ಡಂಟ್ ಕ್ರಾಚೆರೋಡ್ ಎಂಬ ಧನಿಕನಾದ ಪಾದ್ರಿಯು ೧೭೯೯ರಲ್ಲಿ ಮರಣಹೊಂದುವಾಗ ತನ್ನ ಪುಸ್ತಕಗಳನ್ನೂ ಅಚ್ಚುಚಿತ್ರಗಳನ್ನೂ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಿಟ್ಟನು. ಇವನು ಆಕ್ಸ್‌ಫರ್ಡಿಗಿಂತ ದೂರ ಪ್ರಯಾಣಮಾಡಿದವನಲ್ಲವಂತೆ. ತನ್ನ ಜಹಗೀರಿನಲ್ಲಿದ್ದ ಪ್ರಸಿದ್ಧವಾದ ಒಂದು ಚೆಸ್ಟ್‌ನಟ್ ಮರವನ್ನು ಸಹ ಅಚ್ಚುಚಿತ್ರದಲ್ಲಿ ಮಾತ್ರ ಕಂಡವನೆಂದು ಚರಿತ್ರಕಾರರು ಬರೆದಿದ್ದಾರೆ. ಅವನ ಹಾಳೆಗಳನ್ನು ನೋಡಲು ರಾಬರ್ಟ್ ಡೈಟನ್ ಎಂಬ ವಿನೋದಚಿತ್ರಕಾರನು ಬರುತ್ತಿದ್ದನು. ಕಾವಲಿನ ಅಧಿಕಾರಿಯಾದ ವಿಲಿಯಮ್ ಬಿಲೋ ಎಂಬ ಸಜ್ಜನನ ಸ್ನೇಹವನ್ನು ಗಳಿಸಿ, ಅವನ ಚಿತ್ರವನ್ನೂ ಅವನ ಮಗಳ ಚಿತ್ರವನ್ನೂ ಬರೆದುಕೊಟ್ಟು, ಅವನ ನಂಬಿಕೆಯ ಮರೆಯಲ್ಲಿ ಒಂದೊಂದೇ ಹಾಳೆಯನ್ನು ತನ್ನ ಚಿತ್ರದ ಚೀಲಕ್ಕೆ ಸೇರಿಸಿದನು. ೧೮೦೬ರಲ್ಲಿ ಸ್ಯಾಮ್ಯುಯೆಲ್ ವುಡ್‌ಬರ್ನ್ ಎಂಬ ವ್ಯಾಪಾರಿಯು ಡೈಟನನಿಂದ ಹನ್ನೆರಡು ಗಿನಿಗಳಿಗೆ ರೆಂಬ್ರಾಂಟನ ಒಂದು ಎಚ್ಚಿಂಗನ್ನು ಕೊಂಡು, ಮ್ಯೂಸಿಯಮ್ಮಿನ ಪ್ರತಿಯೊಂದಿಗೆ ಹೋಲಿಸಿ ನೋಡಬೇಕೆಂದು ಅಲ್ಲಿಗೆ ಹೋದನು. ಪೆಟ್ಟಿಗೆಯಲ್ಲಿ ಪ್ರತಿಯೇ ಇರಲಿಲ್ಲ. ಅವನ ಕೈಯಲ್ಲಿದ್ದುದೇ ಅದು! ಡೈಟನನು ಒಪ್ಪಿಕೊಂಡು, ಮಾರಿದ ಹಾಳೆಗಳನ್ನು ಹಿಂದಕ್ಕೆ ಪಡೆಯಲು ನೆರವಾಗಿ ಶಿಕ್ಷೆಯಿಂದ ಪಾರಾದನು. ಕೆಲಸವನ್ನು ಕಳೆದುಕೊಂಡವನು, ಒಂದು ಹಾಳೆಯನ್ನೂ ಕದಿಯದ ಬಿಲೋ. ಇದಾದ ಮೇಲೆ ೧೮೦೮ರಲ್ಲಿ ಅಚ್ಚುಚಿತ್ರಗಳಿಗೆ ಬೇರೆಯ ಇಲಾಖೆಯನ್ನೇ ಏರ್ಪಡಿಸಿ ವಿಲಿಯಮ್ ಅಲೆಗ್ಸಾಂಡರ್ ಎಂಬ ಚಿತ್ರಕಾರನ ವಶಕ್ಕೆ ಕೊಟ್ಟರು. ಹಾಳೆಗಳ ಮೂಲೆಯಲ್ಲಿ ಅಥವಾ ಬೆನ್ನಿನಲ್ಲಿ ಒಡೆಯರು ಒತ್ತುತ್ತಿದ್ದ ಪುಟ್ಟ ಮುದ್ರೆಗಳನ್ನೆಲ್ಲ ಕಲೆಹಾಕಿ ಡಚ್ಚರ ಫ್ರಿಟ್ಸ್ ಲುಗ್ಟ್ ಎಂಬವನು ೧೯೨೧ರಲ್ಲಿ ಒಂದು ಕೋಶವನ್ನು ಪ್ರಕಟಿಸಿದನು. ಓಲೆಕಟ್ಟಿನ ಕೊನೆಯ ಗರಿಯಲ್ಲಿ ಇಂಥವರ ಪುಸ್ತಕವೆಂದು ಬರೆದಿರುವುದು ನಮಗೆ ಎಷ್ಟು ಉಪಕಾರಿಯೋ, ಆ ಮುದ್ರೆಗಳೂ ಅವರಿಗೆ ಅಷ್ಟೇ.

ಈಗ ನಮ್ಮ ನಾಡಿನ ಸಂಬಂಧಕ್ಕೆ ಬರೋಣ. ೧೭೯೧-೯೨ರ ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯವು ಟೀಪೂ ಸುಲ್ತಾನನ ಮೇಲೆ ಬಂದಾಗ, ಅದರೊಂದಿಗೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನೂ ಬಂದನು. ಅವನು ಬೆಂಗಳೂರು, ಸಾವನದುರ್ಗ, ಶಿವಗಂಗೆ, ಶ್ರೀರಂಗಪಟ್ಟಣ ಮೊದಲಾದ ಸ್ಥಳಗಳನ್ನು ಎದುರಿಗೆ ನಿಂತು ಬರೆದುಕೊಂಡನು. ಅವನ್ನು ಲಂಡನ್ನಿನಲ್ಲಿ ಕೆತ್ತಿಸಿ, ೧೭೯೪ರಲ್ಲಿ ೨೯ ಚಿತ್ರಫಲಕಗಳೂ ಕೆಲವು ನಕಾಶೆಗಳೂ ಉಳ್ಳ ಗ್ರಂಥವನ್ನಾಗಿ ಪ್ರಕಟಿಸಿದರು. ಪ್ರತಿಯೊಂದು ಚಿತ್ರಕ್ಕೂ ವಿವರಣೆಯನ್ನು ಕೊಟ್ಟಿದ್ದಾರೆ. ಬೆಂಗಳೂರಿನ ಕೋಟೆಯ ಬಹುಭಾಗವು ಇಂದು ಇಲ್ಲ. ದೆಹಲಿ ಬಾಗಿಲೂ ಅದರ ಸುತ್ತಲಿನ ಸ್ವಲ್ಪ ಗೋಡೆಯೂ ಉಳಿದಿವೆ. ಊರಿನ ಪೂರ್ವದಿಕ್ಕಿನಿಂದ, ಒಂದು ದೇವಸ್ಥಾನದ ಬಳಿಯಿಂದ, ಸೈಪ್ರೆಸ್ ಮರಗಳ ತೋಟದೊಡನೆ ಹೋಮನು ಕಂಡ ನೋಟವನ್ನು ಇಂದು ಅದೇ ಜಾಗದಲ್ಲಿ ನಿಂತು ಕಾಣಲು ಯಾರಿಗೂ ಶಕ್ಯವಿಲ್ಲ. ಅದೇ ಯುದ್ಧದಲ್ಲಿದ್ದ ಜೇಮ್ಸ್ ಹಂಟರ್ ಎಂಬ ಫಿರಂಗಿ ಪಡೆಯ ಅಧಿಕಾರಿಯು ೧೭೯೨ರಲ್ಲಿಯೇ ತೀರಿಕೊಂಡನು. ಅವನ ಚಿತ್ರಗಳಿಂದ ಎಡ್ವರ್ಡ್ ಓರ್ಮ್ ಎಂಬ ಪ್ರಕಾಶಕನು ನಲವತ್ತು ಬಣ್ಣದ ಅಕ್ವಾಟಿಂಟ್‌ಗಳನ್ನು ಮಾಡಿಸಿ ೧೮೦೫ರಲ್ಲಿ ಹೊರಡಿಸಿದನು. ಥಾಮಸ್ ಡೇನಿಯಲ್ ಮತ್ತು ಅವನ ಅಣ್ಣನ ಮಗನಾದ ವಿಲಿಯಮ್ ಎಂಬವರು ೧೭೯೨ರಲ್ಲಿ ದಕ್ಷಿಣದ ಕಡೆಗೆ ಬಂದು, ತರುವಾಯ ೧೭೯೫ರಿಂದ ೧೮೦೮ರವರೆಗೆ ಭಾರತದ ೧೪೪ ನೋಟಗಳನ್ನು ಪ್ರಕಟಿಸಿದ ವಿಷಯವು ಎಲ್ಲರಿಗೂ ತಿಳಿದುದೇ.

ಇವರೆಲ್ಲರೂ ಕಣ್ಣಾರೆ ಕಂಡು ಬರೆದವರು. ಆದರೆ ಲಂಡನ್ನಿನ ಅಂಗಡಿಗಳಲ್ಲಿ ಮೈಸೂರಿನ ಚಿತ್ರಗಳೆಂದು ಮಾರಾಟವಾದುವುಗಳಲ್ಲಿ ಅನೇಕವು ಹಾಗಲ್ಲ. ೧೭೯೨ರ ಫೆಬ್ರುವರಿಯಲ್ಲಿ ಟೀಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸನು ಸ್ವೀಕರಿಸಿದ ಪ್ರಸಂಗವನ್ನೇ ನೋಡಿರಿ. ಹೋಮನು ಅದನ್ನು ಚಿತ್ರಿಸಿ, ಮೂಲೆಯಲ್ಲಿ ತನ್ನನ್ನೂ ನಿಲ್ಲಿಸಿಕೊಂಡಿದ್ದಾನೆ. ಅದೇ ಪ್ರಸಂಗವನ್ನು ಮ್ಯಾಥರ್ ಬ್ರೌನ್, ಹೆನ್ರಿ ಸಿಂಗಲ್‌ಟನ್ ಮೊದಲಾದವರು ಲಂಡನ್ನಿನಲ್ಲಿಯೇ ಕುಳಿತು ಬರೆದರು. ಅವರು ಈ ದೇಶದ ಮಣ್ಣನ್ನೇ ತುಳಿದವರಲ್ಲ. ಕೆತ್ತನೆಯಲ್ಲಿ ಎಲ್ಲವೂ ಒಂದೇ ಬಗೆಯ ಗಂಭೀರವಾದ ಹಾಳೆಗಳಾಗಿ ಹೊರಬಂದುವು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಿತು. ಮರುವರ್ಷವೇ, ಇಪ್ಪತ್ತಮೂರನ್ನು ಮೀರದ ರಾಬರ್ಟ್ ಕೆರ್ ಪೋರ್ಟರನು ಆ ಕಾಳಗವನ್ನು ನೂರು ಅಡಿಗೂ ಮೀರಿದ ಪಟದ ಮೇಲೆ ಕೆಲವೇ ವಾರಗಳಲ್ಲಿ ಬರೆದು ಲಂಡನ್ನಿನಲ್ಲಿ ಪ್ರದರ್ಶಿಸಿದನು. ಜನರು ತಂಡತಂಡವಾಗಿ ಹಣ ಕೊಟ್ಟು ನೋಡಿದರು. ಆ ಪಟವು ಈಗ ಇಲ್ಲ. ಜಾನ್ ವೆಂಡ್ರಾಮಿನಿಯು ಅದರಿಂದ ಕೆತ್ತಿದ ಮೂರು ದೊಡ್ಡ ಹಾಳೆಗಳಿವೆ. ಅವು ಶ್ರೀರಂಗಪಟ್ಟಣಕ್ಕೆ ಸಾಕ್ಷಿಗಳಲ್ಲ. ಆಂಗ್ಲರು ತಮ್ಮ ಜಯವನ್ನು ಹೇಗೆ ಕಾಣಲು ಬಯಸಿದರೆಂಬುದಕ್ಕೆ ಸಾಕ್ಷಿಗಳು. ಹೋಮನ ಹಾಳೆಯಲ್ಲಿಯೂ ಗೆದ್ದವರ ದೃಷ್ಟಿಯಿದೆ. ಆದರೆ ಬಂಡೆಯ ಇಳಿಜಾರು, ಕೋಟೆಯ ತೆನೆ, ಮರದ ಗಾತ್ರ, ಇವುಗಳಲ್ಲಿ ಅವನಿಗೆ ಸುಳ್ಳುಹೇಳುವ ಪ್ರಯೋಜನವಿರಲಿಲ್ಲ. ಸಂಗ್ರಹಕಾರನಾದವನು ಹಾಳೆಯ ಕೆಳಗಿನ ಸಣ್ಣ ಅಕ್ಷರಗಳನ್ನು ಮೊದಲು ಓದಬೇಕು: ಎಡಗಡೆಯಲ್ಲಿ ಬರೆದವನ ಹೆಸರು, ಅದರ ಮುಂದೆ 'ಪಿಂಕ್ಸಿಟ್' ಅಥವಾ 'ಡೆಲಿನಿಯಾವಿಟ್', ಬಲಗಡೆಯಲ್ಲಿ ಕೆತ್ತಿದವನ ಹೆಸರು, ಅದರ ಮುಂದೆ 'ಸ್ಕಲ್ಪ್ಸಿಟ್'. ಲ್ಯಾಟಿನ್ ಭಾಷೆಯ ಈ ಮೂರು ಮಾತುಗಳನ್ನು ಕಲಿತರೆ ಅರ್ಧ ವಿದ್ಯೆಯು ಬಂದಂತೆ.

ಮಿಕ್ಕರ್ಧವು ಕಾಗದದಲ್ಲಿದೆ. ೧೭೫೦ರ ಹಿಂದಿನ ಕಾಗದವನ್ನು ಬೆಳಕಿಗೆ ಹಿಡಿದರೆ ತಂತಿಯ ಜಾಲರಿಯ ಗೆರೆಗಳು ಸಾಲುಸಾಲಾಗಿ ಕಾಣುತ್ತವೆ. ಜ್ಯೇಷ್ಠ ಜೇಮ್ಸ್ ವಾಟ್‌ಮನ್ ಎಂಬ ಕಾಗದಗಾರನು ನೇಯ್ದ ಬಟ್ಟೆಯಂಥ ಜಾಲರಿಯಿಂದ ಮಾಡಿದ ಗೆರೆಯಿಲ್ಲದ ಕಾಗದವು ೧೭೫೭ರಲ್ಲಿ ಪುಸ್ತಕವೊಂದರಲ್ಲಿ ಕಾಣಿಸಿಕೊಂಡು, ಆ ಶತಮಾನದ ಕೊನೆಗೆ ಎಲ್ಲೆಲ್ಲಿಯೂ ಹಬ್ಬಿತು. ೧೭೯೪ರ ಒಂದು ಸುಂಕದ ಶಾಸನದಿಂದಾಗಿ ಆಂಗ್ಲ ಕಾಗದಗಳ ನೀರುಗುರುತಿನಲ್ಲಿ ಇಸವಿಯನ್ನು ಹಾಕುವ ವಾಡಿಕೆಯೂ ಬಂದಿತು. ತಗಡಿನ ಮೇಲೆ ೧೭೯೪ ಎಂದಿದ್ದು, ಕಾಗದದೊಳಗೆ ೧೮೧೫ ಎಂದು ಕಂಡರೆ ಹಾಳೆಯು ಯಾವಾಗ ಹುಟ್ಟಿತೆಂದು ವಾದಮಾಡಬೇಕಾದುದಿಲ್ಲ. ಭೂತಗನ್ನಡಿಯಲ್ಲಿ ನೋಡಿದಾಗ ಗೆರೆಗಳ ಬದಲು ಸಮಸಮವಾದ ಚುಕ್ಕೆಗಳ ಜಾಲವು ತೋರಿದರೆ ಅದು ಕೆತ್ತನೆಯೇ ಅಲ್ಲ, ಛಾಯಾಯಂತ್ರದಿಂದ ಬಂದ ಈಚಿನ ನಕಲು. ಕಪ್ಪುಬಿಳುಪಿನ ಹಳೆಯ ಹಾಳೆಗೆ ಮಾರುವವರು ನಿನ್ನೆ ಮೊನ್ನೆ ಬಣ್ಣ ತುಂಬಿರುವುದೂ ಉಂಟು. ಇಲ್ಲಿ ಹೊಸಬರಷ್ಟೇ ಅಲ್ಲ, ಪಳಗಿದವರೂ ಎಡವುತ್ತಾರೆ.

ಭಕ್ತರು ತಂದ ಪಟವನ್ನು ಅವರ ಎದುರಿನಲ್ಲಿಯೇ ಚೌಕಟ್ಟಿನಿಂದ ಬಿಚ್ಚಿದೆವು. ಬೆನ್ನಿಗೆ ಹಲಗೆಯನ್ನು ಕೊಟ್ಟಿದ್ದುದರಿಂದ, ಹಲಗೆಯ ಸಂದುಗಳ ನೇರಕ್ಕೆ ಕಾಗದದ ಮೇಲೆ ಕಂದುಬಣ್ಣದ ಪಟ್ಟೆಗಳು ಮೂಡಿದ್ದುವು. ಹಿಟ್ಟಿನ ಅಂಟನ್ನು ಹುಳುಗಳು ತಿಂದು, ಒಂದು ಮೂಲೆಯನ್ನೂ ತಿಂದಿದ್ದುವು. ಬಿಸಿಲು ಬಿದ್ದ ಭಾಗವು ಮಾಸಿತ್ತು. ಚೌಕಟ್ಟಿಗೆ ಹಿಡಿಯಲೆಂದು ಯಾರೋ ಮೂರು ಕಡೆಗಳಲ್ಲಿ ಅಂಚನ್ನು ಕತ್ತರಿಸಿದ್ದರು. ತಗಡಿನ ಗುರುತು ಎಡಗಡೆಯಲ್ಲಿ ಮಾತ್ರ ಉಳಿದಿತ್ತು. ಕೆಳಗಿನ ಅಕ್ಷರಗಳಲ್ಲಿ ಹೋಮನ ಹೆಸರು ಅರ್ಧ ಕಾಣುತ್ತಿತ್ತು. ಕೆತ್ತಿದವನ ಹೆಸರು ಕತ್ತರಿಗೆ ಆಹುತಿಯಾಗಿತ್ತು. ಕನ್ನಡಿಯಲ್ಲಿ ಚುಕ್ಕೆಗಳಿರಲಿಲ್ಲ, ಜೀವಂತವಾದ ಗೆರೆಗಳೇ ಇದ್ದುವು. ಎಡ ಅಂಚಿನಲ್ಲಿ ದಾರದ ಸಣ್ಣ ತೂತುಗಳ ಸಾಲಿತ್ತು. ಹಾಳೆಯು ಒಂದು ಪುಸ್ತಕದಿಂದ ಬಂದುದು.

"ಮೋಸಹೋಗಿಲ್ಲ, ಹಳೆಯದೇ" ಎಂದೆನು. ಅವರಿಗೆ ಸಂತೋಷವಾಯಿತು. ಆ ತೂತುಗಳನ್ನು ತೋರಿಸಿ, ಒಂದೊಂದೇ ಹಾಳೆಯಾಗಿ ಮಾರಿದರೆ ಇಡೀ ಪುಸ್ತಕಕ್ಕಿಂತ ಹೆಚ್ಚು ಹಣ ಬರುವುದರಿಂದ ಗ್ರಾಂಜರನ ಕಾಲದ ಕತ್ತರಿಯು ಇಂದಿಗೂ ನಿಂತಿಲ್ಲವೆಂದು ತಿಳಿಸಿದಾಗ ಅವರ ಮುಖವು ಸಣ್ಣದಾಯಿತು. "ಹಾಗಾದರೆ ಉಳಿದ ಇಪ್ಪತ್ತೆಂಟು ಹಾಳೆಗಳು ಎಲ್ಲಿವೆ, ಪಂಡಿತರೇ?" ಎಂದರು. ಯಾವ ಯಾವ ಊರಿನ ಯಾವ ಯಾವ ಗೋಡೆಯ ಮೇಲೋ ಇರಬೇಕು. ವಿವರಣೆಯ ಪುಟಗಳನ್ನಂತೂ ಯಾರೂ ಚೌಕಟ್ಟಿಗೆ ಹಾಕುವುದಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರವನ್ನು ಅವರೇ ಕೊಟ್ಟರು. ಕನ್ನಡಿಯನ್ನು ಈಸಿಕೊಂಡು ಬಹಳ ಹೊತ್ತು ನೋಡಿ, "ಬಂಡೆ ಹೀಗೆಯೇ ಇದೆ, ಈ ಬಿರುಕೂ ಇದೆ, ಮಳೆಗಾಲದಲ್ಲಿ ಇಲ್ಲಿಂದಲೇ ನೀರು ಇಳಿಯುತ್ತದೆ. ಕಾಡು ಮಾತ್ರ ಈಗ ಇಷ್ಟಿಲ್ಲ. ನಮ್ಮ ಊರು ಈ ಸಿಪಾಯಿಗಳು ನಿಂತಿರುವ ಜಾಗದಲ್ಲಿ ಇರಬೇಕಿತ್ತು, ಅದನ್ನು ಬರೆದೇ ಇಲ್ಲ" ಎಂದರು.

ಹಾಳೆಯನ್ನು ಅವರು ಗ್ರಂಥಭಂಡಾರಕ್ಕೆ ಒಪ್ಪಿಸಿದರು. ಹಲಗೆಯನ್ನು ತೆಗೆದು, ಹತ್ತಿಯ ಕಾಗದದ ಎರಡು ಪದರಗಳ ನಡುವೆ, ಓಲೆಗಳಿರುವ ಕಪಾಟಿನ ಕೆಳಗಿನ ಅರೆಯಲ್ಲಿ ಚಪ್ಪಟೆಯಾಗಿ ಮಲಗಿಸಿದ್ದೇವೆ. ಜೊತೆಯಲ್ಲಿಟ್ಟ ಚೀಟಿಯಲ್ಲಿ ಹೋಮನ ಹೆಸರು, ೧೭೯೪ ಎಂಬ ಇಸವಿ, ಅಂಚು ಕತ್ತರಿಸಿದೆ ಎಂಬ ಸಂಗತಿ, ಕೊಟ್ಟವರ ಊರು ಇವಿಷ್ಟನ್ನೂ ಬರೆದಿದೆ. ಅದರ ಛಾಯಾಚಿತ್ರವನ್ನು ಅವರ ಮನೆಯ ಪಡಸಾಲೆಯಲ್ಲಿ ಹಳೆಯ ಚೌಕಟ್ಟಿಗೇ ಹಾಕಿಸಿದ್ದಾರೆ.